ಎತ್ತಿ ಇಳಿಸುವ ಕೀಲ್ ಇರುವ ಸಣ್ಣ ಹಾಯಿದೋಣಿ: ಮಳೆಗಾಲಕ್ಕೆ ಮುಂಚೆ ಏನು ನೋಡಬೇಕು?

ಹುಬ್ಬಳ್ಳಿಯಲ್ಲಿದ್ದುಕೊಂಡು ಕಾರವಾರದಲ್ಲಿ ಹಳೇ ಹಾಯಿದೋಣಿ ಇಟ್ಟಿದ್ದೀರಿ, ಕೀಲ್ (ದೋಣಿಯ ತಳದಿಂದ ನೀರಿಗೆ ಇಳಿಯುವ ಭಾರದ ಹಲಗೆ) ಹೇಗೆ ಪರೀಕ್ಷಿಸಲಿ ಎಂದು ಕೇಳಿದ್ದೀರಿ. ದೋಣಿಯ ಕೆಳಗೆ ತೂರುವ ಮುನ್ನ ಕೀಲ್‌ಗೆ ದಪ್ಪ ಕಟ್ಟಿಗೆಯ ಆಸರೆ ಕೊಡಿ. ಕೀಲ್ ಎತ್ತುವ ವಿಂಚ್ (ಹಗ್ಗ ಸುತ್ತುವ ರಾಟೆ) ನಂಬಿ ಕೈ ಹಾಕಬೇಡಿ, ದಯವಿಟ್ಟು.

ಕೀಲ್ ಎತ್ತುವ ತಂತಿ ಹಗ್ಗಕ್ಕೆ ಹಳೇ ಬಟ್ಟೆ ಸುತ್ತಿ ಉದ್ದಕ್ಕೂ ಎಳೆಯಿರಿ. ಒಂದೇ ಒಂದು ಎಳೆ ಬಟ್ಟೆಗೆ ಸಿಕ್ಕಿದರೂ ಹಗ್ಗ ಬದಲಿಸಿ.

ಮುಖ್ಯವಾದದ್ದು ಕೀಲ್ ತಿರುಗುವ ಬೋಲ್ಟ್. ಕೀಲಿನ ತುದಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕಟಕಟ ಎಂದರೆ ಬೋಲ್ಟೋ ತೂತೋ ಸವೆದಿದೆ. ಸದ್ದಿಲ್ಲದಿದ್ದರೂ ಬಿಚ್ಚಿ ನೋಡಿ. ಗಾಳಿಯಾಡದ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೂ ಗುಳಿ ಬೀಳುತ್ತದೆ. ನನ್ನ ಬೋಲ್ಟಿನ ತಲೆ ಫಳಫಳ ಹೊಳೆಯುತ್ತಿತ್ತು, ನಡುವೆ ಮಾತ್ರ ತಿಂದುಹೋಗಿ ಸಣಕಲಾಗಿತ್ತು. ಗೋಕುಲ ರೋಡಿನ ಲೇತ್ ಅಂಗಡಿಯಲ್ಲಿ ಅದೇ ಅಳತೆಗೆ ಹೊಸದು ಮಾಡಿಸಿದೆ. ನೀವು ಮಾಡಿಸಿದರೆ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಎಂದೇ ಹೇಳಿ. 304 ಗ್ರೇಡ್ ಉಪ್ಪುನೀರಿಗೆ ಅಷ್ಟು ತಾಳುವುದಿಲ್ಲ.