ಹಿಂದಿ ಧಾರಾವಾಹಿಯ ನಟರಿಗೆ ತಿಂಗಳ ಸಂಬಳ ಬರುತ್ತದೆಯೇ?

ಇಲ್ಲ, ಹೆಚ್ಚಿನವರಿಗೆ ದಿನಗೂಲಿಯ ಲೆಕ್ಕ. ಚಿತ್ರೀಕರಣಕ್ಕೆ ಹೋದ ದಿನಕ್ಕಷ್ಟೇ ಹಣ, ಅದೂ ಕೈಗೆ ಬರುವುದು ಸಾಮಾನ್ಯವಾಗಿ 90 ದಿನಗಳ ನಂತರ. ಊರಿನಿಂದ ಮುಂಬಯಿಗೆ ಬಂದ ಹೊಸಬರನ್ನು ಹಣ್ಣು ಮಾಡುವುದು ಈ ಮೂರು ತಿಂಗಳ ಮನೆ ಬಾಡಿಗೆ.

ಮೀರಾ ರೋಡಿನಲ್ಲಿ ನಮ್ಮ ನೆರೆಮನೆಯ ಉಡುಪಿ ಕಡೆಯ ಹುಡುಗಿ ಒಂದು ಧಾರಾವಾಹಿಯಲ್ಲಿ ನಾಯಕಿಯ ನಾದಿನಿ. ನಾಯಗಾಂವ್‌ನ ಸೆಟ್ಟಿನಲ್ಲಿ 12 ಗಂಟೆಯ ಪಾಳಿ. ಸಂಭಾಷಣೆಯ ಹಾಳೆ ಎಷ್ಟೋ ಸಲ ಮುಖಕ್ಕೆ ಬಣ್ಣ ಹಚ್ಚುವಾಗಲೇ ಸಿಗುತ್ತದೆ. ಅದನ್ನು ಅಂಚಿನಲ್ಲಿ ಕನ್ನಡ ಲಿಪಿಯಲ್ಲಿ ಗೀಚಿಕೊಂಡು ಉರು ಹೊಡೆಯುತ್ತಾಳೆ.

1994ರಲ್ಲಿ ದೂರದರ್ಶನದಲ್ಲಿ ಮಧ್ಯಾಹ್ನ ಬರುತ್ತಿದ್ದ ‘ಶಾಂತಿ’ ಮಂದಿರಾ ಬೇಡಿಯವರನ್ನು ಮನೆಮಾತಾಗಿಸಿತು. ಆ ಯೋಗ ಎಲ್ಲರಿಗಿಲ್ಲ. ಟಿಆರ್‌ಪಿ ಕುಸಿದರೆ ಪಾತ್ರವನ್ನು ವಿದೇಶಕ್ಕೆ ಕಳುಹಿಸುತ್ತಾರೆ, ಇಲ್ಲವೇ ಅಪಘಾತದಲ್ಲಿ ಮುಗಿಸುತ್ತಾರೆ. ಕಥೆ 20 ವರ್ಷ ಮುಂದಕ್ಕೆ ಜಿಗಿದರೆ ಇನ್ನೂ ಮೂವತ್ತು ತುಂಬದ ನಾಯಕಿ ರಾತ್ರೋರಾತ್ರಿ ಅತ್ತೆ! ಒಮ್ಮೆ ಅತ್ತೆಯಾದವರಿಗೆ ಮತ್ತೆ ಸೊಸೆಯ ಪಾತ್ರ ಸಿಗುವುದು ಕಷ್ಟ, ಹಾಗಾಗಿ ಹಲವರು ಅಲ್ಲಿಗೇ ಧಾರಾವಾಹಿ ಬಿಡುತ್ತಾರೆ.

ನಮ್ಮ ನಾದಿನಿ ಸದ್ಯ ಕೋಮಾದಲ್ಲಿದ್ದಾಳೆ. ಕಣ್ಣು ಮುಚ್ಚಿ ಮಲಗಿದ್ದಕ್ಕೂ ದಿನದ ಹಣ ಪೂರ್ತಿ ಸಿಗುತ್ತದಂತೆ, ಉರು ಹೊಡೆಯುವ ಕಾಟವೂ ಇಲ್ಲ.