ಮಷೀನು ಒಂದು ಹೇಳುತ್ತೆ, ಲ್ಯಾಬು ಇನ್ನೊಂದು: ಶುಗರ್ ಪರೀಕ್ಷೆ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅಪ್ಪನಿಗೆ 64 ವರ್ಷ. ಬಹಳ ವರ್ಷದಿಂದ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾರೆ. ಮೊನ್ನೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯ ಮಷೀನಿನಲ್ಲಿ ನೋಡಿದರೆ 142 ಬಂತು. ಅದೇ ದಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೆ 126. "ಈ ಮಷೀನು ಬರೀ ಸುಳ್ಳು" ಅಂತ ಅಪ್ಪ ಅದನ್ನು ಬೀರುವಿನೊಳಗೆ ಇಟ್ಟುಬಿಟ್ಟಿದ್ದಾರೆ. ಯಾವುದನ್ನು ನಂಬಬೇಕು ಡಾಕ್ಟ್ರೇ?
– ಅರಸೀಕೆರೆಯ ಓದುಗರು

ಉತ್ತರ: ಮೊದಲು ಮಷೀನನ್ನು ಬೀರುವಿನಿಂದ ಹೊರಗೆ ತೆಗೆಸಿ. ಅದು ಸುಳ್ಳು ಹೇಳಿಲ್ಲ. ಮನೆಯ ಗ್ಲೂಕೋಮೀಟರ್‌ಗಳಿಗೆ ಐಎಸ್ಒ 15197 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ಶುಗರ್ 100 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ, ನೂರರಲ್ಲಿ 95 ಸಲವಾದರೂ ಮಷೀನಿನ ಅಂಕಿ ಲ್ಯಾಬಿನ ಅಂಕಿಗಿಂತ ಶೇ 15ರಷ್ಟು ಆಚೀಚೆಯೊಳಗೆ ಇರಬೇಕು. 126ಕ್ಕೆ ಲೆಕ್ಕ ಹಾಕಿ ನೋಡಿ, 107ರಿಂದ 145ರವರೆಗೆ ಏನು ಬಂದರೂ ಅದು ಮಷೀನಿನ ಮಿತಿಯೊಳಗೇ ಇದೆ. ನಿಮಗೆ ಬಂದಿದ್ದು 142, ಅಲ್ವಾ?

ಇನ್ನೊಂದು ವಿಷಯ, ಲ್ಯಾಬಿನ ಅಂಕಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ರಕ್ತ ಟ್ಯೂಬಿಗೆ ಬಂದ ಮೇಲೂ ಅದರೊಳಗಿನ ಜೀವಕೋಶಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಇಳಿಯುತ್ತೆ. ಅದಕ್ಕೇ ಶುಗರ್ ಪರೀಕ್ಷೆಗೆ ಫ್ಲೋರೈಡ್ ಇರುವ, ಬೂದು ಬಣ್ಣದ ಮುಚ್ಚಳದ ಟ್ಯೂಬು ಬಳಸುತ್ತಾರೆ. ಅದೂ ಮೊದಲ ಒಂದೆರಡು ಗಂಟೆ ಇಳಿಕೆಯನ್ನು ಪೂರ್ತಿ ತಡೆಯುವುದಿಲ್ಲ. ಬೆಳಿಗ್ಗೆ ಮನೆಗೇ ಬಂದು ರಕ್ತ ತಗೊಂಡು ಹೋಗಿ, ನಾಲ್ಕು ಮನೆ ಸುತ್ತಿ ಆಮೇಲೆ ಲ್ಯಾಬಿಗೆ ತಲುಪಿಸಿದರೆ ಅಂಕಿ ಸ್ವಲ್ಪ ಕಡಿಮೆಯೇ ಬರಬಹುದು.

ಮಷೀನು ನಿಜವಾಗಿ ಮೋಸ ಹೋಗುವುದು ಬೆರಳಿನಲ್ಲಿ. ಬಾಳೆಹಣ್ಣು ಸುಲಿದ, ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ಹಾಗೇ ಸೂಜಿ ಚುಚ್ಚಿದರೆ ಚರ್ಮಕ್ಕೆ ಅಂಟಿದ ಹಣ್ಣಿನ ರಸವೂ ಹನಿಯೊಳಗೆ ಸೇರುತ್ತೆ. ಆಗ ನಿಜವಾದ ಶುಗರ್‌ಗಿಂತ ಎಷ್ಟೋ ಜಾಸ್ತಿ ಬರಬಹುದು. ಸ್ಪಿರಿಟ್ ಹತ್ತಿಯಲ್ಲಿ ಸುಮ್ನೆ ಒರೆಸಿದರೆ ಸಾಲದು, ಸೋಪು ಹಾಕಿ ಕೈ ತೊಳೆಯಬೇಕು. ಪೂರ್ತಿ ಒಣಗಿಸಲೂಬೇಕು, ನೀರು ಬೆರೆತರೆ ಹನಿ ತೆಳುವಾಗುತ್ತೆ. ಬೆರಳಿನ ತುದಿಯ ಮಧ್ಯಕ್ಕಲ್ಲ, ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ರಕ್ತ ಬರಲಿಲ್ಲ ಅಂತ ಬೆರಳನ್ನು ಜೋರಾಗಿ ಹಿಂಡಬೇಡಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟರೆ ತಾನಾಗೇ ಬರುತ್ತೆ. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಹಾಕಿಡಿ, ಮಳೆಗಾಲದ ತೇವಕ್ಕೆ ಸ್ಟ್ರಿಪ್ಪು ಕೆಡುತ್ತೆ. ಫ್ರಿಜ್ಜಿನಲ್ಲೂ ಬೇಡ.

ಸರಿಯಾಗಿ ಹೋಲಿಸಿ ನೋಡಬೇಕು ಅನ್ನಿಸಿದರೆ ಮಷೀನನ್ನು ಲ್ಯಾಬಿಗೇ ತಗೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ, ಅವರು ರಕ್ತ ತೆಗೆಯುವ ಹೊತ್ತಿಗೇ ನೀವೂ ಬೆರಳು ಚುಚ್ಚಿ ನೋಡಿ. ಊಟ ಆದ ಮೇಲೆ ಹೋಲಿಸಬೇಡಿ, ಆಗ ಬೆರಳಿನ ರಕ್ತದಲ್ಲಿ ತೋಳಿನ ರಕ್ತಕ್ಕಿಂತ ಸಕ್ಕರೆ ಜಾಸ್ತಿ ಇರುವುದು ಸಹಜ. ಆದರೆ ಒಂದು ಮಾತು. ಒಬ್ಬರಿಗೆ ಶುಗರ್ ಇದೆಯೋ ಇಲ್ಲವೋ ಅಂತ ಮೊದಲ ಸಲ ತೀರ್ಮಾನ ಮಾಡುವುದಕ್ಕೆ ಮನೆಯ ಮಷೀನು ಆಗುವುದಿಲ್ಲ, ಲ್ಯಾಬೇ ಬೇಕು.

ಪ್ರಶ್ನೆ: ರಾತ್ರಿ ಎರಡೇ ಚಪಾತಿ ತಿಂತೀನಿ. ಮಲಗುವಾಗ 128 ಇರುತ್ತೆ. ಬೆಳಿಗ್ಗೆ ಎದ್ದು ನೋಡಿದರೆ 156! ಏನೂ ತಿನ್ನದೆ ಹೇಗೆ ಏರುತ್ತೆ? ರಾತ್ರಿ ಊಟ ಬಿಟ್ಟರೆ ಸರಿ ಹೋಗುತ್ತಾ ಡಾಕ್ಟ್ರೇ?
– ಗೃಹಿಣಿ, ಮೈಸೂರು

ಉತ್ತರ: ಊಟ ಬಿಡಬೇಡಿ ಅಮ್ಮ. ನೀವು ತಿನ್ನದಿದ್ದರೂ ನಿಮ್ಮ ಲಿವರ್ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತೆ. ನಸುಕಿನಲ್ಲಿ ಮೂರು ಗಂಟೆಯಿಂದ ಎಂಟರ ತನಕ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನು ಇವೆಲ್ಲ ದೇಹವನ್ನು ಎಬ್ಬಿಸುವ ಕೆಲಸ ಶುರು ಮಾಡುತ್ತವೆ, ಆಗ ಲಿವರ್ ಇನ್ನೂ ಜಾಸ್ತಿ ಸಕ್ಕರೆ ಬಿಡುತ್ತೆ. ಶುಗರ್ ಇಲ್ಲದವರಲ್ಲಿ ಅದಕ್ಕೆ ತಕ್ಕ ಇನ್ಸುಲಿನ್ ಬಂದು ಸರಿದೂಗಿಸುತ್ತೆ. ನಿಮ್ಮಲ್ಲಿ ಅದು ಸಾಲುತ್ತಿಲ್ಲ ಅಷ್ಟೇ, ಇದು ನಿಮ್ಮ ತಪ್ಪಲ್ಲ.

ಎರಡು ಮೂರು ರಾತ್ರಿ ಮಲಗುವಾಗ, ನಸುಕಿನ ಮೂರು ಗಂಟೆಗೆ ಅಲಾರಂ ಇಟ್ಟು, ಮತ್ತೆ ಎದ್ದ ತಕ್ಷಣ ನೋಡಿ ಬರೆದಿಡಿ. ಮೂರು ಗಂಟೆಗೆ 70ಕ್ಕಿಂತ ಕಡಿಮೆ ಬಂದರೆ ಮಾತ್ರೆ ಅಥವಾ ಇನ್ಸುಲಿನ್ ಜಾಸ್ತಿಯಾಗಿರಬಹುದು, ತಡ ಮಾಡದೆ ಡಾಕ್ಟರಿಗೆ ತಿಳಿಸಿ. ಆಗ ಸರಿಯಾಗಿದ್ದು ಬೆಳಿಗ್ಗೆಗೆ ಮಾತ್ರ ಏರಿದ್ದರೆ ಇದು ಲಿವರಿನ ಕೆಲಸ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ರಾತ್ರಿ ಊಟ ಬಿಟ್ಟರೆ ನಿದ್ದೆಯಲ್ಲೇ ಶುಗರ್ ಬೀಳುವ ಅಪಾಯ ಇದೆ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ನೋಡುವ ಅಭ್ಯಾಸವನ್ನೂ ಸ್ವಲ್ಪ ಬದಲಾಯಿಸಿ. ಸ್ಟ್ರಿಪ್ಪಿಗೆ ದುಡ್ಡು ಕೊಡ್ತೀರಿ, ಅದರಿಂದ ಏನಾದರೂ ಗೊತ್ತಾಗಬೇಕು ಅಲ್ವಾ? ತಿಂಡಿಗೆ ಮುಂಚೆ ಒಂದು ಸಲ, ಮೊದಲ ತುತ್ತು ಬಾಯಿಗೆ ಹಾಕಿದ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು ಸಲ ನೋಡಿ. ತಿಂದು ಮುಗಿಸಿದ ಮೇಲಿಂದಲ್ಲ, ಶುರು ಮಾಡಿದ ಹೊತ್ತಿನಿಂದ. ಒಂದು ದಿನ ಇಡ್ಲಿ, ಇನ್ನೊಂದು ದಿನ ದೋಸೆ, ಮತ್ತೊಂದು ದಿನ ಉಪ್ಪಿಟ್ಟು. ಪಕ್ಕದಲ್ಲಿ ಎಷ್ಟು ತಿಂದಿರಿ ಅಂತ ಬರೆಯಿರಿ. ನಿಮ್ಮ ಮೈಗೆ ಯಾವುದು ಎಷ್ಟು ಏರಿಸುತ್ತೆ ಅಂತ ಒಂದೇ ವಾರದಲ್ಲಿ ಕಣ್ಣಿಗೆ ಕಾಣುತ್ತೆ. ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅನ್ನುವವರಿಗೂ, ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಏನೂ ಆಗಲ್ಲ ಅನ್ನುವವರಿಗೂ ಈ ಪರೀಕ್ಷೆಯೇ ಉತ್ತರ. ಸಾಮಾನ್ಯವಾಗಿ ಊಟಕ್ಕೆ ಮುಂಚೆ 80ರಿಂದ 130, ಎರಡು ಗಂಟೆಗೆ 180ರ ಒಳಗೆ ಇದ್ದರೆ ಒಳ್ಳೆಯದು. ತೀರಾ ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಈ ಗುರಿಯನ್ನು ಸಡಿಲ ಮಾಡುತ್ತಾರೆ. ಬಸುರಿಯರಿಗೆ ಗುರಿಯೇ ಬೇರೆ, ತುಂಬ ಬಿಗಿ.

ಪ್ರಶ್ನೆ: ನನಗೆ 38. ಮುಟ್ಟಿನ ರಕ್ತಸ್ರಾವ ಜಾಸ್ತಿ, ಹಿಮೋಗ್ಲೋಬಿನ್ 8.5. ಕಬ್ಬಿಣದ ಅಂಶವೂ ಕಡಿಮೆ ಅಂದಿದ್ದಾರೆ. ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.7 ಬಂದಿದೆ, ಆದರೆ ಖಾಲಿ ಹೊಟ್ಟೆಯದ್ದು 94, ತಿಂಡಿ ನಂತರದ್ದು 126. ನನಗೆ ಶುಗರ್ ಇದೆಯಾ?
– ಶಿಕ್ಷಕಿ, ಸಿಂಧನೂರು

ಉತ್ತರ: ಇದೆ ಅಂತ ಈಗಲೇ ಹೇಳಲಾಗದು. ಎಚ್‌ಬಿಎ1ಸಿ ನೋಡುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವುದನ್ನು. ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ. ಪರೀಕ್ಷೆಯ ಹಿಂದಿನ ದಿನ ಅನ್ನ ಬಿಟ್ಟು ಇದನ್ನು ಇಳಿಸಲು ಆಗುವುದಿಲ್ಲ. ಆದರೆ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಇದು ಸುಳ್ಳೇ ಏರಿ ಬರಬಹುದು. ರಕ್ತ ಹಾಕಿಸಿಕೊಂಡವರಲ್ಲಿ, ರಕ್ತಕಣಗಳು ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ ಇದಕ್ಕೆ ತದ್ವಿರುದ್ಧ, ಕಡಿಮೆ ತೋರಿಸಬಹುದು. ನೀವು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಪರೀಕ್ಷೆ ಮಾಡಿಸಿ. 140ರ ಒಳಗಿದ್ದರೆ ಸರಿ, 200 ಮುಟ್ಟಿದರೆ ಶುಗರ್, ನಡುವೆ ಬಂದರೆ ಎಚ್ಚರ ಬೇಕು. ಅದಕ್ಕಿಂತ ಮೊದಲು ಆ ರಕ್ತಸ್ರಾವ ಯಾಕೆ ಅಂತ ಸ್ತ್ರೀರೋಗ ತಜ್ಞರಿಗೆ ತೋರಿಸಿ. 8.5 ಹಿಮೋಗ್ಲೋಬಿನ್ ಇಟ್ಟುಕೊಂಡು ದಿನವಿಡೀ ನಿಂತು ಪಾಠ ಮಾಡುವುದು ಸಣ್ಣ ಮಾತಲ್ಲ.

ಪ್ರಶ್ನೆ: ಅಮ್ಮ ಕುಂದಾಪುರದಲ್ಲಿ ಒಬ್ಬರೇ ಇದ್ದಾರೆ, 71 ವರ್ಷ, ಇನ್ಸುಲಿನ್ ತಗೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿ. ರಾತ್ರಿ ಮೈಯೆಲ್ಲ ಬೆವರುತ್ತೆ ಅಂತಾರೆ. ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಲಾ? ಚುಚ್ಚದೇ ಶುಗರ್ ತೋರಿಸುವ ವಾಚು ಅಂತಲೂ ಆನ್‌ಲೈನಿನಲ್ಲಿ ಇದೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಸೆನ್ಸರ್ ಆಮೇಲೆ, ಇವತ್ತೇ ಅಮ್ಮನ ಡಾಕ್ಟರಿಗೆ ಫೋನ್ ಮಾಡಿ. ಇನ್ಸುಲಿನ್ ತಗೊಳ್ಳುವವರಿಗೆ ರಾತ್ರಿ ಬೆವರುತ್ತೆ ಅಂದರೆ ಶುಗರ್ ಬೀಳುತ್ತಿದೆಯಾ ಅಂತಲೇ ಮೊದಲು ಅನುಮಾನಿಸಬೇಕು. ಹೃದಯದ ತೊಂದರೆ ಇದೆಯಾ ಅಂತಲೂ ನೋಡುತ್ತಾರೆ. ಬೆವರಿದಾಗ ಮಷೀನಿನಲ್ಲಿ ನೋಡಲಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕುಡಿಯಬೇಕು. ನೋಡುವಷ್ಟು ಶಕ್ತಿ ಇಲ್ಲ ಅನ್ನಿಸಿದರೆ ಮೊದಲು ಸಕ್ಕರೆ, ಆಮೇಲೆ ಮಷೀನು. ಪಕ್ಕದ ಮನೆಯವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಲಿ.

ನಿಮ್ಮ ಅಮ್ಮನಂಥವರಿಗೆ ಸೆನ್ಸರ್ ನಿಜಕ್ಕೂ ಉಪಯೋಗ. ಸಾಮಾನ್ಯವಾಗಿ ಸುಮಾರು ಎರಡು ವಾರ ಬರುತ್ತೆ, ಒಂದು ಪ್ಯಾಚಿಗೆ ಕೆಲವು ಸಾವಿರ ರೂಪಾಯಿ. ಸರಿಯಾದ ಮಾದರಿ ತಗೊಂಡರೆ ಶುಗರ್ ಬಿದ್ದಾಗ ನಿಮ್ಮ ಫೋನಿಗೂ ಅಲಾರಂ ಬರುತ್ತೆ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ಐದು ಹತ್ತು ನಿಮಿಷ ಹಿಂದೆ ಇರುತ್ತೆ. ಆ ತೋಳಿನ ಮೇಲೇ ಮಲಗಿದರೆ ಒತ್ತಡಕ್ಕೆ ಸುಳ್ಳೇ ಕಡಿಮೆ ತೋರಿಸುವುದೂ ಉಂಟು. ಮೈಗೆ ಅನ್ನಿಸುವುದಕ್ಕೂ ಅಂಕಿಗೂ ತಾಳೆ ಆಗದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು.

ವಾಚು ಮಾತ್ರ ಬೇಡವೇ ಬೇಡ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಅದರ ಅಂಕಿ ನಂಬಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಕುತ್ತು.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರಿಗೂ ಶುಗರ್. ಒಂದೇ ಮಷೀನು, ಒಂದೇ ಸೂಜಿ ಬಳಸಬಹುದಾ?
– ನಿವೃತ್ತರು, ಗದಗ

ಉತ್ತರ: ಸೂಜಿ, ಚುಚ್ಚುವ ಪೆನ್ನು ಎರಡೂ ಬೇರೆ ಬೇರೆಯೇ ಇರಲಿ. ಹೆಪಟೈಟಿಸ್ ಬಿ ಹರಡುವುದಕ್ಕೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಮಷೀನೂ ಇಬ್ಬರಿಗೆ ಎರಡಿದ್ದರೆ ಒಳ್ಳೆಯದು, ಒಂದೇ ಇದ್ದರೆ ಪ್ರತಿ ಸಲ ಸೋಂಕುನಾಶಕದಿಂದ ಒರೆಸಿ ಬಳಸಿ. ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆಯಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ, ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ ನೀವು ತೋರಿಸುವ ಆಸ್ಪತ್ರೆಯಲ್ಲಿ ತಗೊಳ್ಳುತ್ತಾರಾ ಅಂತ ಕೇಳಿ ಕೊಡಿ.