‘ಕಡ್ಡಿ ಡಕ್’ ಬೇರೆ ಬಾತುಕೋಳಿಯಲ್ಲ

‘ಕಡ್ಡಿ ಡಕ್’ ಅಂದರೇನು, ಅದು ಐಡರ್ ಎಂಬ ಕಡಲ ಬಾತುಕೋಳಿಗಿಂತ ಬೇರೆ ಜಾತಿಯಾ ಎಂದು ಕೇಳಿದ್ದೀರಿ. ಬೇರೆ ಅಲ್ಲ, ಎರಡೂ ಒಂದೇ ಹಕ್ಕಿ. ನಮ್ಮ ‘ಕಡ್ಡಿ’ಗೂ ಇದಕ್ಕೂ ಸಂಬಂಧವಿಲ್ಲ. ಕಡ್ಡಿ ಎನ್ನುವುದು ಕತ್‌ಬರ್ಟ್ ಎಂಬ ಹೆಸರನ್ನು ಮುದ್ದಿನಿಂದ ಕರೆಯುವ ರೀತಿ.

ಸಂತ ಕತ್‌ಬರ್ಟ್ 7ನೇ ಶತಮಾನದವರು. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಆಚೆ ಫಾರ್ನ್ ದ್ವೀಪಗಳಿವೆ. ಅಲ್ಲಿನ ಇನ್ನರ್ ಫಾರ್ನ್‌ನಲ್ಲಿ ಒಂಟಿಯಾಗಿ ಬದುಕಿ, 687ರಲ್ಲಿ ಅಲ್ಲೇ ತೀರಿಕೊಂಡರು. ಅಲ್ಲಿ ಗೂಡು ಕಟ್ಟುವ ಈ ಬಾತುಗಳನ್ನು ಅವರು ಕಾಪಾಡುತ್ತಿದ್ದರು ಎಂಬ ನಂಬಿಕೆ ಜನರಲ್ಲಿ ಇವತ್ತಿಗೂ ಇದೆ. ಹಾಗಾಗಿ ಇದು ‘ಕತ್‌ಬರ್ಟರ ಬಾತು’. ಒಂದು ಹಕ್ಕಿಯನ್ನು ಅದನ್ನು ಕಾಯ್ದವರ ಹೆಸರಿನಿಂದಲೇ ಕರೆಯುವುದು ಎಷ್ಟು ಚೆಂದ, ಅಲ್ವಾ?

ಬಳಕೆಯ ಬಗ್ಗೆ ಒಂದು ಎಚ್ಚರಿಕೆ. ‘ಕಡ್ಡಿ ಡಕ್’ ಎನ್ನುವುದು ಅದೇ ಈಶಾನ್ಯ ಕರಾವಳಿಯ ನಾರ್ತಂಬರ್ಲೆಂಡ್ ಕಡೆಯ ಆಡುಮಾತು. ಪಕ್ಷಿ ಪುಸ್ತಕಗಳಲ್ಲಿ ‘ಕಾಮನ್ ಐಡರ್’ ಎಂದೇ ಇರುತ್ತದೆ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ಬರೀ ‘ಕಡ್ಡಿ’ ಎಂದರೆ ಕತ್ತೆ ಎಂಬ ಅರ್ಥವೂ ಇದೆ. ಆದ್ದರಿಂದ ‘ಡಕ್’ ಬಿಡಬೇಡಿ.

‘ಐಡರ್’ ಬಂದದ್ದು ಐಸ್‌ಲ್ಯಾಂಡಿನ ಭಾಷೆಯಿಂದ. ಹೆಣ್ಣು ತನ್ನ ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತದೆ. ಅದನ್ನು ತುಂಬಿದ ರಜಾಯಿಗೆ ‘ಐಡರ್‌ಡೌನ್’ ಎಂಬ ಹೆಸರು. ನೀವು ಅನುವಾದ ಮಾಡುತ್ತಿದ್ದರೆ ‘ಕಡ್ಡಿ ಬಾತು’ ಎಂದು ಸುಮ್ನೆ ಬರೆಯಬೇಡಿ, ಓದುವವರಿಗೆ ಕಡ್ಡಿಯೇ ನೆನಪಾಗುತ್ತದೆ. ‘ಕತ್‌ಬರ್ಟ್ ಬಾತು’ ಎಂದರೆ ಅರ್ಥವೂ ಉಳಿಯುತ್ತದೆ, ಅದರ ಹಿಂದಿನ ಪ್ರೀತಿಯೂ ಉಳಿಯುತ್ತದೆ.